ನಿಪಾ ಸುದ್ದಿ ಬಂದಾಗ ಕರಾವಳಿಯಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಕೋಯಿಕ್ಕೋಡ್‌ನಲ್ಲೋ ಮಲಪ್ಪುರಂನಲ್ಲೋ ಬಾವಲಿಯಿಂದ ಬರುವ ನಿಪಾ ವೈರಸ್ ದೃಢಪಟ್ಟಿದೆ ಎಂದು ಟಿವಿಯಲ್ಲಿ ಬಂದ ಮರುದಿನ ಮಂಗಳೂರಿನಲ್ಲಿ ರಂಬುಟಾನ್ ಕೇಳುವವರಿಲ್ಲ. ಪೇರಳೆ ಮರದಡಿ ಆಡುವ ಮಕ್ಕಳಿಗೆ ಗದರಿಕೆ, ಅಶ್ವತ್ಥದಲ್ಲಿ ನೇತಾಡುವ ಬಾವಲಿಗಳನ್ನು ಓಡಿಸಿ ಎಂದು ಪಂಚಾಯಿತಿಗೆ ಮನವಿ, ಪಿಜಿಯಲ್ಲಿರುವ ಮಲಯಾಳಿ ಹುಡುಗಿಗೆ 'ಊರಿಗೆ ಹೋಗಿದ್ದೆಯಾ?' ಎಂಬ ಪ್ರಶ್ನೆ. ಕೋಳಿ ತಿನ್ನಬಹುದಾ, ಹಂದಿ ಬಿಡಬೇಕಾ, ಬಾವಿಗೆ ಬಲೆ ಹಾಕಿಸಬೇಕಾ, ಕಾಸರಗೋಡು ಬಸ್ಸಿನಲ್ಲಿ ಓಡಾಡಬಹುದಾ ಎಂದು ಪರಿಚಯದ ವೈದ್ಯರಿಗೆ ಫೋನ್ ಮೇಲೆ ಫೋನ್.

ಈ ಯಾವ ಪ್ರಶ್ನೆಯೂ ದಡ್ಡತನದ್ದಲ್ಲ. ಕೇರಳದ ಗಡಿಯಾದ ತಲಪಾಡಿ ಮಂಗಳೂರಿಗೆ ಅಂಟಿಕೊಂಡಂತೆಯೇ ಇದೆ, ಕಾಸರಗೋಡು ಸುಮಾರು 50 ಕಿಲೋಮೀಟರ್, ಕೋಯಿಕ್ಕೋಡ್ ಸುಮಾರು 230. ಅಲ್ಲಿನ ರೋಗಿಗಳು, ವಿದ್ಯಾರ್ಥಿಗಳು, ವ್ಯಾಪಾರಿಗಳು ದಿನವೂ ಇಲ್ಲಿಗೆ ಬರುತ್ತಾರೆ, ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ. ನಿಪಾ ಹೆದರಬೇಕಾದ ರೋಗವೂ ಹೌದು. ಹಿಡಿದವರಲ್ಲಿ 100ಕ್ಕೆ 40ರಿಂದ 75 ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತೊಂದರೆ ಬೇರೆಡೆ ಇದೆ. ನಮ್ಮ ಭಯವೆಲ್ಲ ಮರ, ಮಾರ್ಕೆಟ್, ಬಸ್ಸುಗಳ ಕಡೆ ಹರಿದುಹೋಗುತ್ತದೆ. ಈ ವೈರಸ್ ಕೇರಳದಲ್ಲಿ ಅತಿ ಹೆಚ್ಚು ಜನರನ್ನು ಹಿಡಿದದ್ದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ.

2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ಆದದ್ದನ್ನು ಸ್ವಲ್ಪ ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲ ರೋಗಿಯಾದ ಯುವಕ ಮೇ ಆರಂಭದಲ್ಲೇ ತೀರಿಕೊಂಡರು. ಅವರಿಗೆ ಬಂದದ್ದು ಯಾವ ಜ್ವರ ಎಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಅದೇ ಮನೆಯ ಇನ್ನೊಬ್ಬರಿಗೂ ಮೆದುಳಿನ ಉರಿಯೂತ ಬಂದಾಗ ಕೋಯಿಕ್ಕೋಡ್‌ನ ವೈದ್ಯರಿಗೆ ಸಂಶಯ ಹುಟ್ಟಿತು. ಮಾದರಿಗಳು ಬಂದದ್ದು ನಮ್ಮ ಉಡುಪಿ ಜಿಲ್ಲೆಗೆ, ಡಾ. ಜಿ. ಅರುಣ್‌ಕುಮಾರ್ ನೇತೃತ್ವದ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಅದು ನಿಪಾ ಎಂದು ಮೊದಲು ಹೇಳಿದ್ದು ಆ ಕೇಂದ್ರ, ದೃಢಪಡಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಅಧಿಕೃತ ಲೆಕ್ಕ ನಿಂತದ್ದು 19 ರೋಗಿಗಳು, 17 ಸಾವು ಎಂದು. ಮೊದಲನೆಯವರೊಬ್ಬರನ್ನು ಬಿಟ್ಟರೆ ಉಳಿದವರಿಗೆಲ್ಲ ಸೋಂಕು ತಗಲಿದ್ದು ಮನುಷ್ಯರಿಂದಲೇ. ಮನೆಯವರಿಗೆ, ಅದೇ ವಾರ್ಡಿನಲ್ಲಿ ಬೇರೆ ಕಾಯಿಲೆಗೆ ಮಲಗಿದ್ದವರಿಗೆ, ಅವರ ಜೊತೆಗೆ ನಿಂತಿದ್ದವರಿಗೆ, ಸ್ಕ್ಯಾನಿಂಗ್‌ಗೆ ಕಾಯುತ್ತಿದ್ದವರಿಗೆ, ಆರೈಕೆ ಮಾಡಿದ ಸಿಬ್ಬಂದಿಗೆ. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡರು. ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂತವರು, ಅಂಗಡಿಯಲ್ಲಿ ಚಿಲ್ಲರೆ ಕೊಟ್ಟವರು ಆ ಪಟ್ಟಿಯಲ್ಲಿಲ್ಲ.

ಯಾಕೆ ಹೀಗೆ? ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 4ರಿಂದ 14 ದಿನ ಏನೂ ಕಾಣುವುದಿಲ್ಲ. ಆ ದಿನಗಳಲ್ಲಿ ಆ ವ್ಯಕ್ತಿಯಿಂದ ಬೇರೆಯವರಿಗೆ ಹರಡಿದ್ದು ಕಂಡುಬಂದಿಲ್ಲ. ಆಮೇಲೆ ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಗಂಟಲು ನೋವು. ಕೆಲವರಿಗೆ ಕೆಮ್ಮು, ಉಸಿರಾಟದ ತೊಂದರೆ. ಕೆಲವೇ ದಿನಗಳಲ್ಲಿ ಮಂಪರು, ಮಾತು ತಡವರಿಸುವುದು, ಫಿಟ್ಸ್. ಮೆದುಳಿಗೆ ತಟ್ಟಿದರೆ 24ರಿಂದ 48 ಗಂಟೆಯೊಳಗೆ ಕೋಮಾ. ರೋಗ ಏರಿದಷ್ಟೂ ಜೊಲ್ಲು, ಕಫ, ಮೂತ್ರದಲ್ಲಿ ವೈರಸ್ ಹೆಚ್ಚು. ಅಂದರೆ ರೋಗಿ ಅತಿ ಹೆಚ್ಚು ಹರಡುವ ಹೊತ್ತಿಗೆ ಎದ್ದು ಓಡಾಡುವ ಸ್ಥಿತಿಯಲ್ಲೇ ಇರುವುದಿಲ್ಲ. ಆಗ ಹತ್ತಿರ ಇರುವವರು ತಲೆ ಎತ್ತಿ ಹಿಡಿದು ನೀರು ಕುಡಿಸುವ ತಾಯಿ, ವಾಂತಿ ಬಾಚುವ ಹೆಂಡತಿ, ಕಫ ತೆಗೆಯುವ ನರ್ಸ್.

ಬಾಂಗ್ಲಾದೇಶದಲ್ಲಿ 2001ರಿಂದ 2014ರವರೆಗಿನ 248 ರೋಗಿಗಳನ್ನು ಲೆಕ್ಕ ಹಾಕಿದಾಗ ಮನುಷ್ಯರಿಂದ ಹರಡಿದ್ದು 82 ಮಂದಿಗೆ. ಒಬ್ಬ ರೋಗಿಯಿಂದ ಸರಾಸರಿ 0.33 ಜನರಿಗೆ ಎಂದಾಯಿತು. ಈ ಸಂಖ್ಯೆ ಒಂದಕ್ಕಿಂತ ಕೆಳಗಿರುವವರೆಗೆ ಪ್ರತಿ ಸುತ್ತಿನಲ್ಲೂ ರೋಗಿಗಳು ಕಡಿಮೆಯಾಗುತ್ತಾರೆ. ಹಸಿ ಸೌದೆಗೆ ಹತ್ತಿದ ಬೆಂಕಿಯ ಹಾಗೆ ಅದು ಊರಿಗೆ ಹಬ್ಬುವ ಮೊದಲೇ ನಂದುತ್ತದೆ. ಕೋವಿಡ್‌ನಲ್ಲಿ ಲಕ್ಷಣ ಇಲ್ಲದವರೂ ಹರಡುತ್ತಿದ್ದರು, ಅದಕ್ಕೇ ಅದು ಎಲ್ಲರ ಮನೆಗೂ ಬಂತು. ನಿಪಾಕ್ಕೆ ಸದ್ಯ ಆ ಶಕ್ತಿ ಇಲ್ಲ. ಆದರೆ ಅದೇ ಲೆಕ್ಕದಲ್ಲಿ 45 ವರ್ಷ ದಾಟಿದ, ಉಸಿರಾಟದ ತೊಂದರೆ ಇದ್ದ ರೋಗಿಗಳಲ್ಲಿ ಈ ಸರಾಸರಿ 1.1ರ ಆಸುಪಾಸಿಗೆ ಏರಿತು. ಕೆಮ್ಮುತ್ತಿರುವ ರೋಗಿಯ ಮಂಚದ ಸುತ್ತ ಅಷ್ಟೊಂದು ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ ಉತ್ತರ ಅಲ್ಲಿದೆ.

ತಲಪಾಡಿಯಲ್ಲಿ ಜ್ವರ ನೋಡುವ ಯಂತ್ರ ಹಿಡಿದು ನಿಲ್ಲುವುದರಿಂದ ಎಷ್ಟು ಲಾಭ ಎಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಸಿಗುತ್ತದೆ. ಸೋಂಕು ತಗಲಿ ಇನ್ನೂ ಜ್ವರ ಬಾರದವರನ್ನು ಯಂತ್ರ ಹಿಡಿಯದು, ಅವರಿಂದ ಆ ದಿನ ಅಪಾಯವೂ ಇಲ್ಲ. ಜ್ವರ ಏರಿ ಮಲಗಿದವರು ಬರುವುದು ಆಂಬುಲೆನ್ಸಿನಲ್ಲಿ, ನೇರ ಆಸ್ಪತ್ರೆಗೆ. ಹಾಗಾಗಿ ನಿಜವಾದ ಚೆಕ್‌ಪೋಸ್ಟ್ ಆಸ್ಪತ್ರೆಯ ಕ್ಯಾಶುವಾಲಿಟಿ ಬಾಗಿಲಲ್ಲಿ ಇರಬೇಕು. ಅಲ್ಲಿ ಕೇಳಬೇಕಾದದ್ದು ಎರಡೇ ಮಾತು: ಕಳೆದ 21 ದಿನಗಳಲ್ಲಿ ಎಲ್ಲೆಲ್ಲಿ ಇದ್ದಿರಿ? ಮನೆಯಲ್ಲಿ, ನೆರೆಯಲ್ಲಿ ಇಂಥದೇ ಜ್ವರ ಬಂದು ಯಾರಾದರೂ ಮಲಗಿದ್ದಾರಾ, ತೀರಿಕೊಂಡಿದ್ದಾರಾ?

ಬಿದ್ದ ಹಣ್ಣು, ಹೆಕ್ಕಿದ ಅಡಿಕೆ, ಕಳ್ಳಿನ ಮಡಕೆ

ಮನುಷ್ಯರಿಗೆ ಮೊದಲು ಹತ್ತುವುದು ಬಾವಲಿಯಿಂದಲೇ, ಅದರಲ್ಲಿ ಸಂಶಯ ಬೇಡ. ಆದರೆ ಎಲ್ಲ ಬಾವಲಿಗಳಿಂದಲೂ ಅಲ್ಲ. ಹಳೆ ಕಟ್ಟಡ, ಅಟ್ಟ, ಬಾವಿಯ ಗೋಡೆಯ ಪೊಟರೆಗಳಲ್ಲಿ ಇರುವುದು ಬಹುತೇಕ ಹುಳ ತಿನ್ನುವ ಸಣ್ಣ ಜಾತಿಯವು. ನಿಪಾ ಹೊತ್ತಿರುವುದು ದೊಡ್ಡ ಮರಗಳ ತುದಿಯಲ್ಲಿ ಗುಂಪಾಗಿ ತಲೆಕೆಳಗಾಗಿ ನೇತಾಡುವ, ರೆಕ್ಕೆ ಬಿಡಿಸಿದರೆ ಒಂದು ಮೀಟರಿಗೂ ಹೆಚ್ಚು ಅಗಲವಾಗುವ ಹಣ್ಣುಬಾವಲಿ. ಪೇರಾಂಬ್ರದಲ್ಲಿ ಮೊದಲ ರೋಗಿಯ ಕಡೆಯವರ ಬಾವಿಯಲ್ಲಿ ಸಿಕ್ಕ ಬಾವಲಿಗಳ ಚಿತ್ರ ದೇಶವಿಡೀ ಓಡಾಡಿತು. ಅವು ಹುಳ ತಿನ್ನುವ ಜಾತಿಯವು, ಮೊದಲ ಸುತ್ತಿನ ಮಾದರಿಗಳು ನೆಗೆಟಿವ್ ಬಂದವು. ಆಮೇಲೆ ಅದೇ ಪ್ರದೇಶದ 52 ಹಣ್ಣುಬಾವಲಿಗಳನ್ನು ಪರೀಕ್ಷಿಸಿದಾಗ 10ರಲ್ಲಿ ವೈರಸ್ ಸಿಕ್ಕಿತು. 'ಬಾವಲಿ ಅಲ್ಲವಂತೆ' ಎಂಬ ಮೊದಲ ಸುದ್ದಿ ಮಾತ್ರ ಇವತ್ತಿಗೂ ಜನರ ನೆನಪಿನಲ್ಲಿ ಉಳಿದುಬಿಟ್ಟಿದೆ.

ಇವು ಕೇರಳದ ಬಾವಲಿಗಳು, ನಮ್ಮವಲ್ಲ ಎಂದು ಸಮಾಧಾನಪಡುವುದೂ ಸರಿಯಲ್ಲ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಸೇರಿ ಹಲವು ರಾಜ್ಯಗಳ ಬಾವಲಿಗಳಲ್ಲಿ ಈ ವೈರಸ್ಸಿನ ಪ್ರತಿಕಾಯಗಳು, ಅಂದರೆ ಸೋಂಕು ತಗಲಿದ್ದರ ಗುರುತು, ಸಿಕ್ಕಿವೆ. ತಲಪಾಡಿ ಗಡಿ ಬಾವಲಿಗೆ ಗೊತ್ತಿಲ್ಲ. ಹಾಗಿದ್ದೂ ಮನುಷ್ಯರಿಗೆ ದಾಟುವುದು ಬಹಳ ಅಪರೂಪ. ಅದನ್ನು ಇನ್ನಷ್ಟು ಅಪರೂಪ ಮಾಡುವುದು ತೋಟದಲ್ಲಿ ನಾವು ಪಾಲಿಸುವ ಕೆಲವು ಸಣ್ಣ ಕ್ರಮಗಳಿಂದ ಸಾಧ್ಯ.

ಹಣ್ಣುಬಾವಲಿ ರಾತ್ರಿ ಹಣ್ಣನ್ನು ಕಚ್ಚಿ, ಅಗಿದು, ರಸ ಹೀರಿ, ನಾರನ್ನು ಉಂಡೆ ಮಾಡಿ ಉಗುಳುತ್ತದೆ. ಬೆಳಿಗ್ಗೆ ಮಾವು, ಪೇರಳೆ, ಜಂಬು ನೇರಳೆ ಮರದಡಿ ಹಿಂಡಿ ಎಸೆದ ಹತ್ತಿಯಂಥ ಒದ್ದೆ ಉಂಡೆಗಳು ಕಂಡರೆ ರಾತ್ರಿ ಬಂದದ್ದು ಅವೇ. ಆ ಮರದಡಿ ಬಿದ್ದ ಹಣ್ಣು ಎಷ್ಟೇ ಚಂದ ಕಂಡರೂ ಬೇಡ. ಕಚ್ಚಿದ್ದು ಅಳಿಲೋ ಬಾವಲಿಯೋ ಎಂದು ಪರೀಕ್ಷೆ ಮಾಡುತ್ತಾ ಕೂರುವ ಅಗತ್ಯವಿಲ್ಲ, ಹಲ್ಲಿನ ಗುರುತು ಇದ್ದದ್ದೆಲ್ಲ ಹೊರಗೆ. ಬಹಳ ಮನೆಗಳಲ್ಲಿ ಆಗುವ ತಪ್ಪೆಂದರೆ ಕಚ್ಚಿದ ಭಾಗ ಮಾತ್ರ ಕೊಯ್ದು ತೆಗೆದು ಉಳಿದದ್ದನ್ನು ತಿನ್ನುವುದು, ಅಥವಾ 'ಹಾಳು ಮಾಡುವುದು ಯಾಕೆ' ಎಂದು ದನಕ್ಕೋ ಹಂದಿಗೋ ಹಾಕುವುದು. ಜೊಲ್ಲು ಕಚ್ಚಿದ ಜಾಗದಲ್ಲೇ ನಿಲ್ಲುವುದಿಲ್ಲ, ಚಾಕು ಅದನ್ನು ಒಳಗಿನ ತಿರುಳಿಗೂ ಒಯ್ಯುತ್ತದೆ. ಪ್ರಾಣಿಗಳಿಗೆ ಹಾಕುವುದರ ಪರಿಣಾಮಕ್ಕೆ ಮಲೇಷ್ಯಾವೇ ಸಾಕ್ಷಿ: 1998-99ರಲ್ಲಿ ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿಗೂಡಿಗೆ ಬಿದ್ದು, ಹಂದಿಗಳಿಂದ ಸಾಕುವವರಿಗೆ ಹತ್ತಿ, 100ಕ್ಕೂ ಹೆಚ್ಚು ಜನ ಸತ್ತರು. ಆ ದೇಶದ ಸುಂಗೈ ನಿಪಾ ಎಂಬ ಹಳ್ಳಿಯಿಂದಲೇ ವೈರಸ್ಸಿಗೆ ಈ ಹೆಸರು. ಬಿದ್ದ ಹಣ್ಣನ್ನು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಗುಂಡಿಗೆ ಹಾಕಿ, ಮೇಲೆ ಮಣ್ಣು ಎಳೆದು, ಕೈಯನ್ನು ಸೋಪಿನಿಂದ ತೊಳೆದರೆ ಕೆಲಸ ಮುಗಿಯಿತು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸಾಮಾನ್ಯ ಸೋಪೇ ಅದನ್ನು ಒಡೆಯುತ್ತದೆ. ದುಬಾರಿ ಸ್ಯಾನಿಟೈಸರ್ ಬೇಕಿಲ್ಲ.

ಮಾರ್ಕೆಟ್ಟಿನ ಹಣ್ಣಿನ ಮಾತು ಬೇರೆ. ನೇಂದ್ರ ಬಾಳೆ ಹಸಿರಿದ್ದಾಗಲೇ ಕಡಿದು ಬರುತ್ತದೆ, ಕಚ್ಚಿದ ಹಣ್ಣನ್ನು ವ್ಯಾಪಾರಿಯೇ ಆರಿಸಿ ತೆಗೆಯುತ್ತಾನೆ, ಲಾರಿಯಲ್ಲಿ ದಿನ ಕಳೆಯುತ್ತದೆ. ಹಣ್ಣಿನ ಮೇಲೆ ವೈರಸ್ ಬದುಕುವುದು ಕೆಲವು ಗಂಟೆಗಳಿಂದ ಒಂದೆರಡು ದಿನ. ಬಿಸಿಲು, ಒಣಹವೆ ತಾಗಿದರೆ ಇನ್ನೂ ಕಡಿಮೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಸಿಪ್ಪೆ ಸುಲಿದು ತಿನ್ನಿ. ರಂಬುಟಾನನ್ನು ಹಲ್ಲಿನಿಂದ ಕಚ್ಚಿ ಸುಲಿಯುವ ಅಭ್ಯಾಸ ಬಿಟ್ಟರೆ ಸಾಕು. ಅಂಗಡಿಯ ಹಣ್ಣನ್ನೇ ಬಿಟ್ಟುಬಿಡಲು ಯಾವ ಕಾರಣವೂ ಇಲ್ಲ, ಅದರಿಂದ ನಷ್ಟವಾಗುವುದು ಬಡ ವ್ಯಾಪಾರಿಗೆ.

ನಮ್ಮಲ್ಲಿ ಹೆಚ್ಚು ಮಾತಿಗೆ ಬಾರದ ವಿಷಯ ಅಡಿಕೆ ಮತ್ತು ಗೇರುಬೀಜ. ಹಣ್ಣಾದ ಅಡಿಕೆಯ ಸಿಪ್ಪೆಯನ್ನು ಬಾವಲಿ ಚೀಪಿ ಬೀಜವನ್ನು ಬೀಳಿಸುತ್ತದೆ, ಗೇರುಹಣ್ಣು ತಿಂದು ಬೀಜ ಬಿಡುತ್ತದೆ. ಬೆಳಿಗ್ಗೆ ತೋಟಕ್ಕೆ ಹೋಗಿ ಅವನ್ನು ಹೆಕ್ಕುವುದು ಮನೆಯ ಹೆಂಗಸರ, ಮಕ್ಕಳ ಕೆಲಸ. ಜೊಲ್ಲು ಇನ್ನೂ ಹಸಿಯಿರುವ ಹೊತ್ತು ಅದೇ. ಹೆಕ್ಕುವಾಗ ರಬ್ಬರ್ ಗ್ಲೌಸ್, ಅದಿಲ್ಲದಿದ್ದರೆ ಕೈಗೆ ಕಟ್ಟಿದ ಪ್ಲಾಸ್ಟಿಕ್ ತೊಟ್ಟೆ ಸಾಕು. ಬಿಸಿಲು ಏರಿದ ಮೇಲೆ ಹೆಕ್ಕಿದರೆ ಇನ್ನೂ ಒಳ್ಳೆಯದು. ನಡುನಡುವೆ ಬಾಯಿಗೆ, ಕಣ್ಣಿಗೆ ಕೈ ಹಾಕದಿರಿ, ಹೆಕ್ಕುತ್ತಲೇ ವೀಳ್ಯ ಮೆಲ್ಲುವುದು ಬೇಡ. ಬಿದ್ದ ಹಣ್ಣಡಿಕೆಯನ್ನು ಅಲ್ಲೇ ಹಲ್ಲಿನಿಂದ ಸುಲಿದು ಎಲೆಗೆ ಸೇರಿಸಿಕೊಳ್ಳುವುದಂತೂ ಬೇಡವೇ ಬೇಡ. ಅಂಗಳದಲ್ಲಿ 40-45 ದಿನ ಬಿಸಿಲಿಗೆ ಒಣಗಿ ಚಾಲಿಯಾದ ಅಡಿಕೆಯಲ್ಲಿ ಈ ವೈರಸ್ ಉಳಿಯುವುದಿಲ್ಲ, ಸುಟ್ಟು ಅಥವಾ ಬೇಯಿಸಿ ಒಡೆದ ಗೇರುಬೀಜದಲ್ಲೂ ಇಲ್ಲ. ಬೆಳೆಯ ಬಗ್ಗೆ ಆತಂಕ ಬೇಡ, ಹೆಕ್ಕುವ ಕೈಯ ಬಗ್ಗೆ ಇರಲಿ.

ಕಳ್ಳಿನ ವಿಷಯದಲ್ಲಿ ಪಾಠ ಬಂದದ್ದು ಬಾಂಗ್ಲಾದೇಶದಿಂದ. ಅಲ್ಲಿ ಚಳಿಗಾಲದ ರಾತ್ರಿ ಈಚಲು ಮರಕ್ಕೆ ಮಡಕೆ ಕಟ್ಟಿ ಇಳಿಸಿದ ರಸವನ್ನು ಬೆಳಗ್ಗೆ ಹಸಿಯಾಗಿಯೇ ಕುಡಿಯುತ್ತಾರೆ. ರಾತ್ರಿ ಬಾವಲಿ ಬಂದು ಆ ರಸವನ್ನು ನೆಕ್ಕಿ, ಮಡಕೆಗೆ ಮೂತ್ರ ಬೀಳಿಸಿ ಹೋಗುತ್ತದೆ. ಬಹುತೇಕ ಪ್ರತಿ ವರ್ಷ ರೋಗ ಮರುಕಳಿಸಿದ್ದು ಹೀಗೆ. ಕಳ್ಳಿಳಿಸುವ ನಮ್ಮ ಮೂರ್ತೆದಾರರು ತೆಂಗು, ತಾಳೆ ಮರಗಳಿಂದ ಇಳಿಸುವ ಶೇಂದಿಯಿಂದ ನಿಪಾ ಬಂದದ್ದು ದಾಖಲಾಗಿಲ್ಲ. ಆದರೂ ಬಾಯಿ ತೆರೆದ ಮಡಕೆ ಇಡೀ ರಾತ್ರಿ ಮರದ ಮೇಲಿದ್ದರೆ ಬಾವಲಿಗೆ ದಾರಿ ತೆರೆದಂತೆಯೇ. ಬಾಂಗ್ಲಾದಲ್ಲಿ ಕೆತ್ತಿದ ಜಾಗ ಮತ್ತು ಮಡಕೆಯ ಬಾಯಿ ಎರಡನ್ನೂ ಸೇರಿಸಿ ಬಿದಿರಿನ ತಟ್ಟಿ ಸುತ್ತುವುದನ್ನು ಪ್ರಯೋಗಿಸಿ ನೋಡಿದ್ದಾರೆ, ಬಾವಲಿ ಹತ್ತಿರ ಬರುವುದು ತಪ್ಪಿತು. ಇಲ್ಲಿ ಸಣ್ಣ ಕಣ್ಣಿನ ನೈಲಾನ್ ಬಲೆಯೂ ಆಗುತ್ತದೆ, ಕೆತ್ತಿದ ಹೊಂಬಾಳೆಯ ತುದಿಯೂ ಅದರೊಳಗೆ ಬರಬೇಕು. ಮಡಕೆಗೆ ಮಾತ್ರ ಮುಚ್ಚಿದರೆ ಬಾವಲಿ ಹೊಂಬಾಳೆಯನ್ನೇ ನೆಕ್ಕುತ್ತದೆ, ರಸ ಅಲ್ಲಿಂದಲೇ ಮಡಕೆಗೆ ಇಳಿಯುತ್ತದೆ. ಹುಳಿ ಬಂದರೆ ವೈರಸ್ ಸಾಯುತ್ತದೆ ಎಂಬುದನ್ನು ನಂಬಬೇಡಿ. ಕಾಸರಗೋಡಿನ ಸಿಪಿಸಿಆರ್‌ಐ (ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದ ಕಲ್ಪರಸದ (ಹುಳಿ ಬಾರದ ತೆಂಗಿನ ರಸ) ವಿಧಾನದಲ್ಲಿ ರಸ ಇಳಿಯುವುದು ಮಂಜುಗಡ್ಡೆ ತುಂಬಿದ ಮುಚ್ಚಿದ ಪೆಟ್ಟಿಗೆಗೆ. ಅಲ್ಲಿ ರಕ್ಷಣೆ ಕೊಡುವುದು ಮುಚ್ಚಳವೇ, ತಂಪು ವೈರಸ್ಸನ್ನು ಕೊಲ್ಲುವುದಿಲ್ಲ. ಓಲೆ ಬೆಲ್ಲ ಕುದಿಸಿ ಕುದಿಸಿ ಆದದ್ದು, ಅದರ ಬಗ್ಗೆ ಯೋಚನೆಯೇ ಬೇಡ.

ಕೋಳಿಗೂ ಮೀನಿಗೂ ನಿಪಾಕ್ಕೂ ಸಂಬಂಧವಿಲ್ಲ. ಭಾರತದ ಯಾವ ಪ್ರಕರಣದಲ್ಲೂ ಹಂದಿಯ ಪಾತ್ರ ಕಂಡಿಲ್ಲ, ಬೆಂದ ಹಂದಿ ಮಾಂಸ ತಿನ್ನಬಹುದು. ಹಂದಿ ಸಾಕುವವರು ಗೂಡಿನ ಮೇಲೆ ಹಣ್ಣಿನ ಮರ ಬಾಗಿದ್ದರೆ ಗೆಲ್ಲು ಕಡಿಸಿ, ಇಷ್ಟು ಸಾಕು.

ಬಾವಲಿಗಳನ್ನು ಪಟಾಕಿ ಹೊಡೆದು ಓಡಿಸುವುದು, ಮರ ಕಡಿಯುವುದು ಅಪಾಯವನ್ನು ಹೆಚ್ಚಿಸುತ್ತದೆ. ಒಂದೇ ಮರದಲ್ಲಿ ಇದ್ದ ಗುಂಪು ಹತ್ತು ತೋಟಗಳಿಗೆ ಚದುರುತ್ತದೆ. ಹೆದರಿ, ಹಸಿದು ಬಳಲಿದ ಬಾವಲಿಗಳು ಹೆಚ್ಚು ವೈರಸ್ ಹೊರಹಾಕುತ್ತವೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆಗೆ ಉಪದ್ರವಕಾರಿ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಕಾಡುಮರಗಳ ಬೀಜ ಹರಡುವುದರಲ್ಲಿ, ರಾತ್ರಿ ಅರಳುವ ಹೂಗಳ ಪರಾಗ ಒಯ್ಯುವುದರಲ್ಲಿ ಅವುಗಳ ಪಾಲು ದೊಡ್ಡದು.

ಬಾವಿಯ ನೀರು

ಬಾವಿ ನೀರಿನಿಂದ ನಿಪಾ ಹರಡಿದ ದಾಖಲೆ ಇಲ್ಲ. ಆದರೆ ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ಬಾವಿಯಿಂದ ಬರುತ್ತವೆ. ಆದ್ದರಿಂದ ನಿಪಾ ನೆಪದಲ್ಲಾದರೂ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಸರಿಯಾಗಿ ಹಾಕಿ. ಸೇರುಗಟ್ಟಲೆ ಪುಡಿಯನ್ನು ಮೇಲಿನಿಂದಲೇ ಸುರಿದುಬಿಡುವವರು ಬಹಳ. ಅದರಿಂದ ತಳದಲ್ಲಿ ಸುಣ್ಣ ಕೂರುತ್ತದೆ, ನೀರು ವಾರಗಟ್ಟಲೆ ಕುಡಿಯಲಾಗದಂತೆ ನಾರುತ್ತದೆ.

ಲೆಕ್ಕ ಸುಲಭ. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು 14,700 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ, ಅಂದರೆ ಸುಮಾರು 37 ಗ್ರಾಂ. ಮಳೆಗಾಲದ ಕೆಂಪು ನೀರು ಕ್ಲೋರಿನ್ ನುಂಗುತ್ತದೆ, ಆಗ ದುಪ್ಪಟ್ಟು ಬೇಕಾಗಬಹುದು. ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, 10 ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರಿನೊಳಗೆ ಇಳಿಸಿ ನಾಲ್ಕೈದು ಬಾರಿ ಮೇಲೆ ಕೆಳಗೆ ಎಳೆಯಿರಿ. ರಾತ್ರಿ ಹಾಕಿದರೆ ಅನುಕೂಲ, ಒಂದು ಗಂಟೆಯಾದರೂ ನೀರು ಸೇದಬಾರದು. ಕರಾವಳಿಯ ತೇವ ಗಾಳಿಗೆ ತೆರೆದ ಪ್ಯಾಕೆಟ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟು ಕಟ್ಟಿ ಒದ್ದೆಯಾದ, ಘಾಟು ವಾಸನೆ ಇಲ್ಲದ ಪುಡಿ ಹಾಕಿಯೂ ಪ್ರಯೋಜನವಿಲ್ಲ. ಬಾವಿಗೆ ಬಲೆ ಹಾಕುವುದು ಎಲೆ, ಹಕ್ಕಿ ಹಿಕ್ಕೆ ತಡೆಯಲು ಯಾವತ್ತೂ ಒಳ್ಳೆಯದೇ.

ಮಂಚದ ಪಕ್ಕ

ನಮ್ಮ ಕಡೆ ಯಾರಾದರೂ ಆಸ್ಪತ್ರೆಯಲ್ಲಿದ್ದಾರೆ ಎಂದರೆ ನೋಡಿ ಬರದಿದ್ದರೆ ಆಗುವುದಿಲ್ಲ. ಎಳನೀರು, ಹಣ್ಣು ಹಿಡಿದು ಗುಂಪಾಗಿ ಹೋಗಿ, ಮಂಚದ ಅಂಚಿನಲ್ಲಿ ಕೂತು, ಹಣೆ ಮುಟ್ಟಿ ನೋಡಿ, 'ಏನು ಮಾರಾಯ್ರೆ, ಹೇಗಿದ್ದೀರಿ?' ಎಂದು ಕೇಳುವುದು ಪ್ರೀತಿಯ ಕ್ರಮ. ನಿಪಾ ಹಬ್ಬಿರುವ ತಿಂಗಳಲ್ಲಿ ಬಿಡಬೇಕಾದದ್ದು ಇದೊಂದನ್ನೇ, ಬಿಡಲು ಅತಿ ಕಷ್ಟವಾದದ್ದೂ ಇದೇ. ಮೆದುಳುಜ್ವರ ಅಥವಾ ಉಸಿರಾಟದ ತೊಂದರೆಯಿಂದ ಮಲಗಿದವರ ಬಳಿ ಒಬ್ಬರೇ ಇರಲಿ, ಅದೂ ಆರೋಗ್ಯವಾಗಿರುವವರು. ಪಾಳಿಯ ಮೇಲೆ ಐದಾರು ಮಂದಿ ಬದಲಾದರೆ ಸಂಪರ್ಕ ಪಟ್ಟಿಯೂ ಅಷ್ಟೇ ಉದ್ದವಾಗುತ್ತದೆ.

ಆ ಒಬ್ಬರು ಮೂಗು-ಬಾಯಿಗೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಬೇಕು. ಗಡ್ಡ ದಟ್ಟವಾಗಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ಜೊಲ್ಲು, ವಾಂತಿ, ಮೂತ್ರ ಮುಟ್ಟುವಾಗ ಗ್ಲೌಸ್. ಗ್ಲೌಸ್ ಕಳಚುವಾಗಲೂ ಸೋಂಕು ಹತ್ತಬಹುದು, ಏಕೆಂದರೆ ಹೊರಗಿನ ಮುಖ ಬರಿಗೈಗೆ ತಾಗುತ್ತದೆ. ಒಂದನ್ನು ಇನ್ನೊಂದು ಗ್ಲೌಸಿನಿಂದ ಹೊರಬದಿ ಹಿಡಿದು ತೆಗೆಯಿರಿ, ಉಳಿದದ್ದನ್ನು ಮಣಿಕಟ್ಟಿನ ಒಳಗಿನಿಂದ ಬೆರಳು ತೂರಿಸಿ ಒಳಮುಖ ಹೊರಗಾಗುವಂತೆ ಮಗುಚಿ. ಆಮೇಲೆ ಸೋಪು. ಮಾಸ್ಕನ್ನು ಕೊನೆಗೆ, ಹಿಂದಿನ ದಾರ ಹಿಡಿದೇ ತೆಗೆಯಬೇಕು. ರೋಗಿ ಉಂಡು ಬಿಟ್ಟ ಗಂಜಿಯನ್ನು ತಾಯಂದಿರು ಉಣ್ಣುವುದುಂಟು, ಅದು ಬೇಡ. ಅದೇ ಮಂಚದಲ್ಲಿ ಮಲಗುವುದೂ ಬೇಡ.

ವಾಂತಿ, ರಕ್ತ ನೆಲಕ್ಕೆ ಬಿದ್ದರೆ ಒಡನೆ ಒರೆಸಬೇಡಿ, ಗುಡಿಸಬೇಡಿ. ಹಳೆ ಬಟ್ಟೆ ಅಥವಾ ಪೇಪರ್ ಮುಚ್ಚಿ, ಅದರ ಮೇಲೆ ಶೇಕಡಾ 1ರ ಬ್ಲೀಚ್ ನೀರು ಸುರಿದು, 30 ನಿಮಿಷ ಕಾದು, ಗ್ಲೌಸ್ ಹಾಕಿ ತೆಗೆಯಿರಿ. ಈ ನೀರಿಗೆ ಲೀಟರಿಗೆ ಸುಮಾರು 33 ಗ್ರಾಂ ಬ್ಲೀಚಿಂಗ್ ಪೌಡರ್ ಬೇಕು. ಮೆಡಿಕಲ್‌ನಲ್ಲಿ ಸಿಗುವ ಶೇಕಡಾ 4ರ ಹೈಪೋಕ್ಲೋರೈಟ್ ದ್ರಾವಣವಾದರೆ ಒಂದು ಪಾಲಿಗೆ ಮೂರು ಪಾಲು ನೀರು. ದಿನವೂ ಹೊಸದಾಗಿ ಮಾಡಿ, ನಿನ್ನೆಯದರಲ್ಲಿ ಸತ್ವ ಇರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬಾರದು, ಮುಚ್ಚಿದ ಬಚ್ಚಲಿನಲ್ಲಿ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ರೋಗಿಯ ಬಟ್ಟೆಯನ್ನು ಕೊಡವದೆ, ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು ಬಿಸಿಲಿಗೆ ಹಾಕಿ.

ಸಾವು ಸಂಭವಿಸಿದರೆ ಅತಿ ನೋವಿನ ಪ್ರಶ್ನೆ ಏಳುತ್ತದೆ. ಶವಕ್ಕೆ ಸ್ನಾನ ಮಾಡಿಸುವುದು ಎಲ್ಲ ಧರ್ಮದವರಲ್ಲೂ ಇದೆ. ಶವದ ಬಾಯಿ, ಮೂಗಿನ ದ್ರವದಲ್ಲಿ ಜೀವಂತ ವೈರಸ್ ಇರುತ್ತದೆ, ಹಾಗಾಗಿ ಮನೆಯವರು ಸ್ನಾನ ಮಾಡಿಸಲು, ಮುತ್ತಿಡಲು ಆಗುವುದಿಲ್ಲ. ಆದರೆ ಸೋರದ ಚೀಲದಲ್ಲಿಟ್ಟ ಮೇಲೆ ದೂರದಿಂದ ಮುಖ ನೋಡುವುದಕ್ಕೆ, ಮುಟ್ಟದೆ ಪ್ರಾರ್ಥನೆ ಅಥವಾ ಮಂತ್ರ ಹೇಳುವುದಕ್ಕೆ, ದಹನಕ್ಕೂ ದಫನಕ್ಕೂ ಅವಕಾಶ ಇದೆ. ಇದನ್ನು ಧರ್ಮಗುರುಗಳು, ಪುರೋಹಿತರು ಮೊದಲೇ ತಿಳಿದು ಮನೆಯವರಿಗೆ ಹೇಳಿದರೆ ಅಧಿಕಾರಿಗಳ ಜೊತೆ ಜಗಳವಾಗುವುದು ಎಷ್ಟೋ ತಪ್ಪುತ್ತದೆ.

ಶಂಕಿತ, ಸಂಪರ್ಕಿತ, ದೃಢ

ವಾಟ್ಸಾಪಿನಲ್ಲಿ ಈ ಮೂರೂ ಒಂದೇ ಆಗಿ ಓಡುತ್ತವೆ. ರೋಗಿಯ ಹತ್ತಿರ ಇದ್ದವರು ಸಂಪರ್ಕಿತರು, ಅವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಜ್ವರವೂ ಇದೆ, ನಿಪಾ ಇರುವ ಜಾಗದ ಅಥವಾ ವ್ಯಕ್ತಿಯ ನಂಟೂ ಇದೆ ಎಂದರೆ ಶಂಕಿತರು. ಗಂಟಲ ದ್ರವ, ರಕ್ತ, ಮೂತ್ರ, ಅಗತ್ಯವಿದ್ದರೆ ಬೆನ್ನುಹುರಿಯ ನೀರನ್ನು ಮೂರು ಪದರದ ಪೆಟ್ಟಿಗೆಯಲ್ಲಿ ತಂಪಾಗಿಟ್ಟು ಕಳಿಸಿ, ಆರ್‌ಟಿಪಿಸಿಆರ್‌ನಲ್ಲಿ ಪಾಸಿಟಿವ್ ಬಂದರೆ ಮಾತ್ರ ದೃಢ. ಶಂಕಿತರ ಸಂಖ್ಯೆ ಏರುತ್ತಿದೆ ಎಂದರೆ ವೈದ್ಯರು ಎಚ್ಚರವಾಗಿದ್ದಾರೆ ಎಂದರ್ಥ. 2018ರ ಮೇಯಲ್ಲೂ 2021ರ ಸೆಪ್ಟೆಂಬರಿನಲ್ಲೂ ಮಂಗಳೂರಿನಿಂದ ಶಂಕಿತರ ಮಾದರಿ ಹೋಗಿ ನೆಗೆಟಿವ್ ಬಂತು. ವರದಿ ಬರುವ ಮೊದಲೇ ಆ ಜನರ ಊರು, ಕೆಲಸದ ಜಾಗ ಎಲ್ಲರ ಮೊಬೈಲಿನಲ್ಲಿ ಓಡಾಡಿತ್ತು. ಹೀಗಾದರೆ ಮುಂದಿನ ಬಾರಿ ನಿಜವಾಗಿ ಸಂಪರ್ಕಕ್ಕೆ ಬಂದವರು ಬಾಯಿ ಬಿಡುವುದಿಲ್ಲ. ನಿಪಾ ತಡೆಯುವ ಇಡೀ ವ್ಯವಸ್ಥೆ ನಿಂತಿರುವುದು ಜನ ನಿಜ ಹೇಳುವುದರ ಮೇಲೆ.

ಸಂಪರ್ಕಿತರು ಕೊನೆಯ ಸಂಪರ್ಕದ ದಿನದಿಂದ 21 ದಿನ ಮನೆಯಲ್ಲಿದ್ದು, ಬೆಳಿಗ್ಗೆ ಸಂಜೆ ಜ್ವರ ನೋಡಿಕೊಳ್ಳಬೇಕು. ಪ್ಯಾರಾಸಿಟಮಾಲ್ ನುಂಗಿ ಅಳೆದರೆ ಥರ್ಮಾಮೀಟರ್ ಸುಳ್ಳು ಹೇಳುತ್ತದೆ, ಅಳೆದ ಮೇಲೆ ನುಂಗಿ. ಸಂಪರ್ಕಿತರ ಸಂಪರ್ಕಿತರಿಗೆ ಯಾವ ನಿರ್ಬಂಧವೂ ಬೇಡ. ರೂಮ್‌ಮೇಟ್‌ನ ಊರು ಮಲಪ್ಪುರಂ ಎಂಬ ಒಂದೇ ಕಾರಣಕ್ಕೆ ಪಿಜಿ ಬಿಡಿಸುವುದು ಅನ್ಯಾಯ. ನೋಡಬೇಕಾದದ್ದು ಭಾಷೆಯನ್ನಲ್ಲ, ರೋಗಿಯ ಬಳಿ ಇದ್ದರೋ ಇಲ್ಲವೋ ಎಂಬುದನ್ನು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಈ ಊರು ನೋಡಿದೆ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದು ಮತ್ತೆ ಆಗಬಾರದು.

ಔಷಧಿಯ ಬಗ್ಗೆ ಚುಟುಕಾಗಿ ಹೇಳುವುದಾದರೆ, ಅನುಮೋದನೆ ಪಡೆದ ಲಸಿಕೆ ಇಲ್ಲ. ಆಕ್ಸ್‌ಫರ್ಡ್‌ನ ಒಂದು ಲಸಿಕೆಯನ್ನು 2024ರ ಜನವರಿಯಲ್ಲಿ ಮೊದಲ ಬಾರಿಗೆ ಮನುಷ್ಯರ ಮೇಲೆ ಪ್ರಯೋಗಿಸಲಾಯಿತು. ಆಂಟಿಬಯಾಟಿಕ್ ಕೆಲಸಕ್ಕೆ ಬಾರದು, ಮುಂಜಾಗ್ರತೆಗೆಂದು ಹಂಚುವ ಯಾವ ಗುಳಿಗೆ, ಕಷಾಯಕ್ಕೂ ಪುರಾವೆ ಇಲ್ಲ. ಆದರೆ ಬೇಗ ಗುರುತಿಸಿ ತೀವ್ರ ನಿಗಾ ಕೊಟ್ಟರೆ ಬದುಕುವವರಿದ್ದಾರೆ. 2023ರಲ್ಲಿ ಕೋಯಿಕ್ಕೋಡ್‌ನ 6 ರೋಗಿಗಳಲ್ಲಿ ನಾಲ್ವರು ಉಳಿದರು, ಉಳಿದವರಲ್ಲಿ ವೆಂಟಿಲೇಟರಿನಲ್ಲಿದ್ದ ಒಬ್ಬ ಬಾಲಕನೂ ಇದ್ದ.

ಮಳೆಗಾಲದ ಉಳಿದ ಜ್ವರಗಳು

ಭಯದಿಂದ ಆಗುವ ಅತಿ ದೊಡ್ಡ ನಷ್ಟ ಇಲ್ಲಿದೆ. ಕೇರಳದಲ್ಲಿ ನಿಪಾ ಕಾಣಿಸಿಕೊಂಡದ್ದು ಹೆಚ್ಚಾಗಿ ಮೇಯಿಂದ ಸೆಪ್ಟೆಂಬರಿನೊಳಗೆ. ನಮ್ಮಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರ ಏರುವುದೂ ಅದೇ ತಿಂಗಳುಗಳಲ್ಲಿ. 2018ರಿಂದ 2024ರವರೆಗೆ ಕೇರಳದಲ್ಲಿ ಎಷ್ಟೋ ಬಾರಿ ನಿಪಾ ಬಂದರೂ ದಕ್ಷಿಣ ಕನ್ನಡ, ಉಡುಪಿಯಲ್ಲಿ ಒಂದೂ ದೃಢಪಡಲಿಲ್ಲ. ಅದೇ ವರ್ಷಗಳಲ್ಲಿ ಇಲಿಜ್ವರ, ಡೆಂಗಿ ಇಲ್ಲಿ ಜನರನ್ನು ಬಲಿ ತೆಗೆದುಕೊಂಡಿವೆ. 'ಆಸ್ಪತ್ರೆಗೆ ಹೋದರೆ ನಿಪಾ ಅಂತ ಕೂರಿಸುತ್ತಾರೆ' ಎಂದು ಮನೆಯಲ್ಲೇ ಜ್ವರ ನುಂಗಿಕೊಂಡು ಕೂತರೆ ಕೈತಪ್ಪುವುದು ಇವುಗಳ ಚಿಕಿತ್ಸೆ.

ಗದ್ದೆ, ತೋಟ, ಚರಂಡಿಯ ನೀರಿನಲ್ಲಿ ನಿಂತು ಕೆಲಸ ಮಾಡಿದವರಿಗೆ ಜ್ವರದ ಜೊತೆ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು ಇದ್ದರೆ ಇಲಿಜ್ವರ ಇರಬಹುದು. ಮೊದಲ ದಿನಗಳಲ್ಲಿ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಗೆ ಬಗ್ಗುತ್ತದೆ. ಮೂತ್ರ ಕಡಿಮೆಯಾಗಿ, ಕಣ್ಣು ಹಳದಿಯಾಗುವವರೆಗೆ ಕಾದರೆ ಡಯಾಲಿಸಿಸ್‌ಗೆ ಹೋಗುತ್ತದೆ. ಡೆಂಗಿಯಲ್ಲಿ ಮೋಸವಾಗುವುದು ಜ್ವರ ಇಳಿದ ದಿನ. ಇಳಿಯಿತಲ್ಲ ಎಂದು ಸುಮ್ಮನಾದಾಗಲೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಶುರುವಾಗುತ್ತದೆ. ಬೈಂದೂರು, ಕುಂದಾಪುರದ ಕಾಡಂಚಿನಲ್ಲಿ ಬೇಸಿಗೆಯ ಜ್ವರವಾದರೆ ಮಂಗನ ಕಾಯಿಲೆಯನ್ನೂ ನೆನಪಿಡಬೇಕು. ಮಂಪರು, ಫಿಟ್ಸ್ ಬಂದರೂ ಅದು ಮಲೇರಿಯಾ ಮೆದುಳಿಗೆ ಏರಿದ್ದಿರಬಹುದು, ಹರ್ಪಿಸ್ ವೈರಸ್ಸಿನ ಮೆದುಳುಜ್ವರ ಇರಬಹುದು. ಎರಡಕ್ಕೂ ಔಷಧಿ ಇದೆ, ಗಂಟೆಗಳ ಲೆಕ್ಕದಲ್ಲಿ ಕೊಡಬೇಕು.

ಹಾಗಾಗಿ ಎರಡು ದಿನ ದಾಟಿದ ಜ್ವರಕ್ಕೆ ವೈದ್ಯರ ಬಳಿ ಹೋಗಲೇಬೇಕು. ಕೇರಳದ ಬಾಧಿತ ಜಾಗಕ್ಕೆ ಹೋಗಿ ಬಂದಿದ್ದರೆ, ಅಂಥ ರೋಗಿಯ ಬಳಿ ಇದ್ದಿದ್ದರೆ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ತಿಳಿಸಿ. 108 ಕರೆಯುವಾಗಲೂ ಅದನ್ನು ಹೇಳಿದರೆ ಸಿಬ್ಬಂದಿ ಮಾಸ್ಕ್, ಗ್ಲೌಸ್ ಹಾಕಿಕೊಂಡೇ ಬರುತ್ತಾರೆ, ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೋ ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲೋ ಪ್ರತ್ಯೇಕ ಕೋಣೆ ಸಿದ್ಧವಿಡಲು ಸಮಯ ಸಿಗುತ್ತದೆ. ಮೂರು ಕ್ಲಿನಿಕ್ ಸುತ್ತಿ, ಅಲ್ಲೆಲ್ಲ ಸಾಲಿನಲ್ಲಿ ಕೂತು ಕೊನೆಗೆ ಹೇಳುವುದಕ್ಕಿಂತ ಇದು ಎಲ್ಲರಿಗೂ ಕ್ಷೇಮ.

ಒಂದು ಸುತ್ತು ಮುಗಿಯಿತು ಎಂದು ಘೋಷಿಸುವುದು ಕೊನೆಯ ರೋಗಿಯಿಂದ ಎಣಿಸಿ 42 ದಿನ ಹೊಸ ಪ್ರಕರಣ ಬಾರದಿದ್ದಾಗ, ಅಂದರೆ 21 ದಿನದ ಎರಡು ಅವಧಿ ಕಳೆದ ಮೇಲೆ. ಟಿವಿಯಲ್ಲಿ ಸುದ್ದಿ ಸಾಮಾನ್ಯವಾಗಿ ಎರಡನೇ ವಾರಕ್ಕೇ ನಿಲ್ಲುತ್ತದೆ. ಕ್ಯಾಶುವಾಲಿಟಿಯಲ್ಲಿ ಆ ಎರಡು ಪ್ರಶ್ನೆ ಕೇಳುವುದು, ವಾರ್ಡಿನಲ್ಲಿ ಒಬ್ಬರೇ ಜೊತೆಗಿರುವುದು ಆ 42ನೇ ದಿನದವರೆಗೂ ಮುಂದುವರಿಯಬೇಕು.